ಅಡಯಾರಿನಲ್ಲಿ ಎರಡು ಗಂಟೆ: ಮಹಾತ್ಮರ ಕಾಗದಗಳ ಕಥೆ ಹೇಳುವ ನಡಿಗೆ

ನಮ್ಮ ತಾತ ಬ್ರಹ್ಮವಿದ್ಯಾ ಸಮಾಜದವರು (ಥಿಯಾಸಾಫಿಕಲ್ ಸೊಸೈಟಿ). ದೇವರ ಕೋಣೆಯಲ್ಲಿ ರಾಯರ ಪಟದ ಪಕ್ಕದಲ್ಲೇ ಸಮಾಜ ಕಟ್ಟಿದವರಲ್ಲಿ ಒಬ್ಬರಾದ ಮೇಡಂ ಬ್ಲಾವಟ್ಸ್ಕಿ ಫೋಟೊ ಇಟ್ಟಿದ್ದರು. ಹಿಮಾಲಯದ ಆಚೆ ಮೋರ್ಯ, ಕೂಟ್ ಹೂಮಿ ಅನ್ನೋ ಮಹಾತ್ಮರಿದ್ದಾರೆ, ಸಮಾಜವನ್ನು ನಡೆಸೋದು ಅವರೇ ಅಂತ ಕೊನೆವರೆಗೂ ನಂಬಿದ್ದರು. ಚೆನ್ನೈನಲ್ಲಿ ಸಮಾಜದ ಕೇಂದ್ರವಾದ ಅಡಯಾರ್ ಆವರಣ ತೋರಿಸುವ ನಡಿಗೆ ಇದೆ ಅಂತ ಗೊತ್ತಾದ ಕೂಡಲೇ ಅಮ್ಮನನ್ನು ಕರೆದುಕೊಂಡು ಹೋದೆ. ತಲೆಗೆ 400 ರೂಪಾಯಿ.

ಮೊದಲ ಒಂದು ಗಂಟೆಗೇ ದುಡ್ಡು ಸಾರ್ಥಕ. ಮುಖ್ಯ ಕಟ್ಟಡದ ಎದುರು ನಿಲ್ಲಿಸಿ ಗೈಡ್ ನಿಧಾನಕ್ಕೆ ಹೇಳುತ್ತಾ ಹೋದರು. 1875ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಸಮಾಜ 1882ರಲ್ಲಿ ಇಲ್ಲಿಗೆ ಬಂತು. ಬ್ಲಾವಟ್ಸ್ಕಿ ಮಲಗುವ ಕೋಣೆಯ ಪಕ್ಕದ ಕೋಣೆಯಲ್ಲಿ, ಗೋಡೆಗೆ ಒಂದು ಮರದ ಬೀರು. ಚೀಟಿ ಇಟ್ಟು ಬಾಗಿಲು ಮುಚ್ಚಿದರೆ ಮಹಾತ್ಮರ ಉತ್ತರ ಬಂದಿರುತ್ತಿತ್ತಂತೆ! 1884ರಲ್ಲಿ, ಅದೇ ಮನೆಯ ಉಸ್ತುವಾರಿ ನೋಡುತ್ತಿದ್ದ ಎಮ್ಮಾ ಕೂಲಂಬ್ ಇದೆಲ್ಲ ಕೈಚಳಕ ಅಂದರು. ಇಂಥ ಪವಾಡಗಳನ್ನು ಪರೀಕ್ಷಿಸುವ ಇಂಗ್ಲೆಂಡಿನ ಸಂಸ್ಥೆಯೊಂದರಿಂದ ಬಂದ ರಿಚರ್ಡ್ ಹಾಡ್ಜ್‌ಸನ್ ವಿಚಾರಿಸಿ, 1885ರ ವರದಿಯಲ್ಲಿ ಮೋಸ ಅಂತಲೇ ಬರೆದರು. ಆದರೆ ಆ ಬೀರು ಅವರ ಕಣ್ಣಿಗೆ ಬೀಳಲೇ ಇಲ್ಲ. ಅಷ್ಟರಲ್ಲಿ ಸಮಾಜದವರೇ ಸುಟ್ಟುಹಾಕಿದ್ದರು. ನೂರು ವರ್ಷದ ಮೇಲೆ, 1986ರಲ್ಲಿ, ವೆರ್ನನ್ ಹ್ಯಾರಿಸನ್ ಎಂಬ ನಕಲಿ ದಾಖಲೆ ಪತ್ತೆಯ ತಜ್ಞರು ಆ ವರದಿಯನ್ನೇ ಜಾಡಿಸಿದರು.

ಗೈಡ್ ಎರಡೂ ಕಡೆಯ ಮಾತನ್ನು ಇದ್ದಂತೆ ಇಟ್ಟರು. ನಂಬುವವರನ್ನು ಹೀಯಾಳಿಸಲಿಲ್ಲ. ಅಮ್ಮ ಮೆಲ್ಲಗೆ, "ಹಾಗಾದ್ರೆ ನಮ್ಮಪ್ಪ ನಂಬಿದ್ದು ಸುಳ್ಳಾ?" ಅಂದಳು. ಅವರು ಅವಸರದ ಉತ್ತರ ಕೊಡಲಿಲ್ಲ. ಸಿನೆಟ್ ಎಂಬ ಇಂಗ್ಲಿಷ್ ಪತ್ರಕರ್ತರಿಗೆ ಮಹಾತ್ಮರ ಹೆಸರಲ್ಲಿ ಬಂದ ಕಾಗದಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಈಗಲೂ ಜನ ಹೋಗಿ ಓದುತ್ತಾರೆ ಅಂದರು, ಅಷ್ಟೇ. ಅಮ್ಮನಿಗೆ ಅದು ಹಿಡಿಸಿತು. ನನಗೂ.

ಆಲದ ಮರದ ಹತ್ತಿರ ಮಾತ್ರ ಓಡಿಸಿಬಿಟ್ಟರು. 1989ರ ಗಾಳಿಗೆ ನಡುವಿನ ಬುಡ ಉರುಳಿದೆ, ಮರ ನಿಂತಿರೋದು ಬಿಳಲುಗಳ ಮೇಲೆ. ಅಮ್ಮ ಕಣ್ಣಲ್ಲೇ ಬಿಳಲು ಎಣಿಸುತ್ತಾ ಇಪ್ಪತ್ತೇಳರಲ್ಲಿ ಲೆಕ್ಕ ತಪ್ಪಿ ಮತ್ತೆ ಶುರು ಮಾಡಿದ್ದಳು, ಅಷ್ಟರಲ್ಲಿ ಕರೆ ಬಂತು. ಕಡಲ ತೀರದ ಕಥೆಗೂ ಎರಡೇ ನಿಮಿಷ. 1909ರಲ್ಲಿ ಸಮಾಜದ ಮುಖಂಡ ಲೆಡ್‌ಬೀಟರ್ ಅಲ್ಲಿ ಕಂಡ ಹುಡುಗ ಜಿಡ್ಡು ಕೃಷ್ಣಮೂರ್ತಿ. ಅವರನ್ನು ಜಗದ್ಗುರು ಅಂತ ಬೆಳೆಸಿದರು. 1929ರಲ್ಲಿ, ತಮಗಾಗಿ ಸಮಾಜದವರು ಕಟ್ಟಿದ್ದ ನಕ್ಷತ್ರ ಸಂಘವನ್ನು ಕೃಷ್ಣಮೂರ್ತಿಯವರೇ ಮುಚ್ಚಿದರು, ಯಾವ ಗುರುವೂ ಬೇಡ ಅಂದರು. ಮಹಾತ್ಮರ ಬಗ್ಗೆ ಮಾತಾಡುವಾಗ ಇದನ್ನು ಬಿಡೋದು ಸರಿಯಲ್ಲ, ಅಲ್ವಾ? 1929ರ ಮಾತು ಗೈಡ್ ಎತ್ತಲೇ ಇಲ್ಲ, ಅಮ್ಮನಿಗೆ ಹೇಳಿದ್ದು ನಾನು.

ನನ್ನ ಅಂಕ ಐದಕ್ಕೆ ನಾಲ್ಕು. ವಿವರಣೆ ತಮಿಳು, ಇಂಗ್ಲಿಷಿನಲ್ಲಿ ಮಾತ್ರ. ಟೋಪಿ, ನೀರು ಇರಲಿ. ಬುಕ್ ಮಾಡುವಾಗಲೇ ಆಲದ ಮರಕ್ಕೆ ಅರ್ಧ ಗಂಟೆ ಜಾಸ್ತಿ ಕೇಳಿ. ಜನವರಿಯಲ್ಲಿ ಮಾವನ ಜೊತೆ ಮತ್ತೆ ಹೋಗುತ್ತೇವೆ. ಅಮ್ಮನ ಬಿಳಲಿನ ಲೆಕ್ಕ ಬಾಕಿ ಇದೆ.