ಗೋದಾಮಿನ ಹರಾಜಿನಲ್ಲಿ ವಾಹನ ಕೊಳ್ಳುವವರು ಮೊದಲು ದಾಖಲೆ ಪರಿಶೀಲಿಸಿ

ಬಾಡಿಗೆ ಗೋದಾಮಿನ ಕೋಣೆಯೊಂದರಲ್ಲಿ ಬಹುಕಾಲ ನಿಂತಿದ್ದ ಕಾರನ್ನು ನಾನು ಹರಾಜಿನಲ್ಲಿ ಕೊಂಡೆ. ಹಣವನ್ನು ಪೂರ್ತಿ ಕಟ್ಟಿದ್ದರೂ ಅದು ಇಂದಿಗೂ ನನ್ನ ಹೆಸರಿಗೆ ಆಗಿಲ್ಲ. ಇಂಥ ಹರಾಜಿಗೆ ಹೊರಟವರು ಸವಾಲು ಕೂಗುವ ಮೊದಲೇ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬಾಡಿಗೆ ಬಾಕಿ ಉಳಿದಾಗ ಕೋಣೆಯ ಸಾಮಾನನ್ನು ಹರಾಜು ಹಾಕಿ ಬಾಕಿ ವಸೂಲು ಮಾಡಿಕೊಳ್ಳುವುದು ಗೋದಾಮಿನವರ ಪದ್ಧತಿ. ಮೇಜು, ಕುರ್ಚಿಗಳಾದರೆ ಹಣ ಕೊಟ್ಟವರ ಕೈಗೆ ಸಾಮಾನು ಸೇರಿದಲ್ಲಿಗೆ ವ್ಯವಹಾರ ಮುಗಿಯುತ್ತದೆ. ವಾಹನದ ವಿಷಯ ಹಾಗಲ್ಲ. ಅದಕ್ಕೆ ನೋಂದಣಿ ಇರುತ್ತದೆ, ದಾಖಲೆಯಲ್ಲಿ ಮಾಲೀಕರ ಹೆಸರಿರುತ್ತದೆ, ಎಷ್ಟೋ ವೇಳೆ ಸಾಲ ಕೊಟ್ಟ ಸಂಸ್ಥೆಯ ಹಕ್ಕೂ ಅದರ ಮೇಲಿರುತ್ತದೆ. ಹರಾಜು ನಡೆಸಿದವರು ಕಾಗದಪತ್ರಗಳು ಆಮೇಲೆ ಬರುತ್ತವೆ ಎಂದು ಬಾಯಿಮಾತಿನಲ್ಲಿ ಹೇಳಿ, ನನ್ನ ಕೈಗೆ ಕೊಟ್ಟದ್ದು ಒಂದು ರಸೀದಿಯನ್ನು ಮಾತ್ರ. ಅದನ್ನು ಹಿಡಿದು ನೋಂದಣಿ ಕಚೇರಿಗೆ ಹೋದಾಗ, ಹಿಂದಿನ ಮಾಲೀಕರು ಆ ಕಾರಿನ ಮೇಲೆ ಪಡೆದಿದ್ದ ಸಾಲ ಇನ್ನೂ ತೀರಿಲ್ಲವೆಂಬುದು ದಾಖಲೆಯಲ್ಲಿ ಕಂಡಿತು. ಸಾಲ ಕೊಟ್ಟವರು ಹಕ್ಕು ಬಿಟ್ಟುಕೊಡಲು ಒಪ್ಪಲಿಲ್ಲ. ಹರಾಜಿನವರನ್ನು ಕೇಳಿದರೆ, ವಾಹನವನ್ನು ಇದ್ದ ಸ್ಥಿತಿಯಲ್ಲೇ ಮಾರಲಾಗಿದೆ, ಮಾಲೀಕತ್ವದ ಹೊಣೆ ತಮ್ಮದಲ್ಲ ಎಂಬ ಷರತ್ತಿನ ಸಾಲಿನ ಮೇಲೆ ಬೆರಳಿಟ್ಟರು. ಬಾಯಲ್ಲಿ ಒಂದು, ಕಾಗದದಲ್ಲಿ ಇನ್ನೊಂದು ಹೇಳುವುದು ಕೊಳ್ಳುವವರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಆದ್ದರಿಂದ ಹರಾಜಿನ ದಿನಕ್ಕೆ ಮೊದಲೇ ಚಾಸಿಸ್ ಸಂಖ್ಯೆಯನ್ನು ಕೇಳಿ ಪಡೆಯಿರಿ. 1981ರಿಂದೀಚಿನ ಬಹುತೇಕ ಕಾರುಗಳಲ್ಲಿ ಅದು 17 ಅಕ್ಷರ-ಅಂಕಿಗಳದ್ದು. ಸೊನ್ನೆ, ಒಂದರೊಡನೆ ಗೊಂದಲವಾಗದಿರಲೆಂದು ಐ, ಒ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಅವು ಕಂಡರೆ ಯಾರೋ ತಪ್ಪಾಗಿ ಬರೆದುಕೊಂಡಿದ್ದಾರೆ, ಇಲ್ಲವೇ ಕಾರಿನಲ್ಲಿ ಆ ಸಂಖ್ಯೆಯಿರುವ ಫಲಕವನ್ನೇ ತಿದ್ದಿದ್ದಾರೆ. ಆ ಸಂಖ್ಯೆಯನ್ನು ಕೊಟ್ಟು ಸಾಲ, ಕಳವಿನ ದೂರು, ಅಪಘಾತದ ದಾಖಲೆಗಳಿವೆಯೇ ಎಂದು ಸಂಬಂಧಪಟ್ಟ ಕಚೇರಿಯಲ್ಲೇ ವಿಚಾರಿಸಬೇಕು. ಮುಂದಿನ ಗಾಜಿನ ಕೆಳಗಿನ ಫಲಕದ ಸಂಖ್ಯೆಗೂ ಬಾಗಿಲ ಬಳಿಯ ಚೀಟಿಯ ಸಂಖ್ಯೆಗೂ ತಾಳೆಯಾಗದಿದ್ದರೆ ಅಲ್ಲಿಂದ ಹಿಂದಿರುಗುವುದೇ ಮೇಲು.

ಯಂತ್ರದ ಪಾಡೂ ಸಣ್ಣದಲ್ಲ. ನಮಗೆ ಎಂಜಿನ್ ಚಾಲೂ ಮಾಡಲು ಬಿಡದೆ, ಬಾಗಿಲಲ್ಲಿ ನಿಂತು ಟಾರ್ಚ್ ಬೆಳಕಿನಲ್ಲಿ ನೋಡಲಷ್ಟೇ ಅವಕಾಶ ಕೊಟ್ಟಿದ್ದರು. ಮನೆಗೆ ತಂದು ಏರ್ ಫಿಲ್ಟರ್ ಡಬ್ಬಿ ತೆರೆದಾಗ ಒಳಗೆ ಇಲಿಗೂಡು ಇತ್ತು, ಪಕ್ಕದ ವೈರುಗಳ ಹೊದಿಕೆಯನ್ನು ತಾಮ್ರ ಕಾಣುವವರೆಗೆ ಇಲಿಗಳು ಕಡಿದಿದ್ದವು. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಕೆಟ್ಟು ಅಂಟಾಗಿತ್ತು. ಟಯರು ಎಷ್ಟು ಹಳೆಯದೆಂದೂ ನೋಡಿಕೊಳ್ಳಿ: ಅದರ ತಯಾರಿಕೆಯ ವಾರ, ವರ್ಷವನ್ನು ಅದರ ಬದಿಯ ನಾಲ್ಕಂಕಿಯ ಗುರುತೇ ಹೇಳುತ್ತದೆ. 2319 ಎಂದಿದ್ದರೆ 2019ರ 23ನೆಯ ವಾರ. ಕೂಗಿದ ಬೆಲೆಯ ಮೇಲೆ ಹರಾಜಿನವರ ಕಮಿಷನ್, ತೆರಿಗೆ, ಎಳೆದೊಯ್ಯುವ ಖರ್ಚು ಬೇರೆ ಬೀಳುತ್ತವೆ.

ಯಾವ ದಾಖಲೆ, ಯಾರ ಸಹಿಯೊಂದಿಗೆ, ಎಂದಿನೊಳಗೆ ಸಿಗುತ್ತದೆ, ಸಿಗದಿದ್ದರೆ ಹಣ ವಾಪಸು ಬರುತ್ತದೆಯೇ ಎಂಬುದನ್ನು ಹರಾಜಿನವರಿಂದ ಬರವಣಿಗೆಯಲ್ಲೇ ಪಡೆಯಿರಿ. ಕೊಡಲು ಹಿಂದೇಟು ಹಾಕಿದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಸವಾಲು ಕೂಗಬೇಡಿ. ನಾನು ಹಣ ಹಿಂದಿರುಗಿಸುವಂತೆ ವಕೀಲರ ಮೂಲಕ ನೋಟಿಸು ಕೊಟ್ಟಿದ್ದೇನೆ. ಉತ್ತರ ಬರುವವರೆಗೆ ಆ ಕಾರನ್ನು ರಸ್ತೆಗಿಳಿಸುವಂತಿಲ್ಲ, ಸಾಲ ಕೊಟ್ಟವರ ಹಕ್ಕು ಇರುವುದರಿಂದ ಬಿಡಿಭಾಗಗಳನ್ನಾದರೂ ಮಾರೋಣವೆಂದರೆ ಅದೂ ಆಗದು.