ಮುರಕಲ್ಲಿನ ಗೋಡೆಗೆ ಯಾವ ರೂಟರ್?

ಬದಿಯಡ್ಕದ ನಮ್ಮ ಮನೆ ಹಳೆಯದು. ಮುರಕಲ್ಲಿನ ಗೋಡೆ ಒಂದೂವರೆ ಅಡಿ ದಪ್ಪ. ಇಂಟರ್ನೆಟ್ ಕನೆಕ್ಷನ್ ಜೊತೆ ಕೊಟ್ಟಿದ್ದ ರೂಟರಿನ ವೈಫೈ ಸಿಗ್ನಲ್ ಚಾವಡಿ ದಾಟುತ್ತಿರಲಿಲ್ಲ.

ಹಾಗಾಗಿ ಟಿಪಿ-ಲಿಂಕ್ ಆರ್ಚರ್ ಸಿ6 ತಂದೆ. ಹೊರಗೆ ನಾಲ್ಕು ಆಂಟೆನಾ, ಹಿಂದೆ ವೇಗದ ಕೇಬಲ್ ಸಿಕ್ಕಿಸುವ ಗಿಗಾಬಿಟ್ ಪೋರ್ಟ್. ಇದರ ವೈಫೈ ಎರಡು ತರಂಗಾಂತರದಲ್ಲಿ ಬರುತ್ತದೆ, 5 ಮತ್ತು 2.4 ಗಿಗಾಹರ್ಟ್ಸ್. 5ರಲ್ಲಿ ವೇಗ ಜಾಸ್ತಿ, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ. ದೂರದ ಕೋಣೆಗೆ 2.4 ಒಳ್ಳೆಯದು.

ಮೊದಲು ಟಿವಿ ಹಿಂದೆ ಇಟ್ಟಿದ್ದೆ, ಅದು ನನ್ನದೇ ತಪ್ಪು. ನಡುಕೋಣೆಯ ಬಾಗಿಲ ಮೇಲಿನ ಹಲಗೆಗೆ ಏರಿಸಿದೆ. ಅವತ್ತು ಸಂಜೆ ಅಮ್ಮ ದೋಸೆ ಕಾವಲಿ ಮುಂದೆ ನಿಂತೇ ದುಬೈಯಲ್ಲಿರುವ ಅಣ್ಣನ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡಿದರು. ಮುಖ ಒಮ್ಮೆಯೂ ನಿಲ್ಲಲಿಲ್ಲ. ನನಗೆ ಬೇಕಿದ್ದದ್ದು ಅದೇ ಅಲ್ವಾ!

ಕೊಟ್ಟಿಗೆಯವರೆಗೂ ಬೇಕಾದರೆ ಮೆಶ್ ನೋಡಿ, ಅಂದರೆ ಎರಡು ಮೂರು ಕಡೆ ಇಟ್ಟ ಪೆಟ್ಟಿಗೆಗಳು ಸೇರಿ ಒಂದೇ ವೈಫೈ ಕೊಡುವ ವ್ಯವಸ್ಥೆ. ಗುಡುಗು ಶುರುವಾದರೆ ಪ್ಲಗ್ ಜೊತೆ ರೂಟರಿಗೆ ಇಂಟರ್ನೆಟ್ ತರುವ ಲ್ಯಾನ್ ಕೇಬಲ್ಲನ್ನೂ ತೆಗೆದಿಡಿ.