ನನಗೂ ಬೈದ ನಾಟಕ ತಂಡ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ನನಗೆ ಉಗ್ಗು ಇದೆ, ಚಿಕ್ಕಂದಿನಿಂದ. ನನ್ನ ಹೆಸರು ಶುರುವಾಗುವುದು 'ಪ'ದಿಂದ, ಆ 'ಪ' ತುಟಿ ಬಿಟ್ಟು ಹೊರಗೆ ಬರುವುದೇ ಇಲ್ಲ. ಉಗ್ಗು ಇರುವವರನ್ನು ಕೇಳಿ ನೋಡಿ, ಎಷ್ಟೋ ಜನಕ್ಕೆ ಎಲ್ಲಕ್ಕಿಂತ ಕಷ್ಟದ ಪದ ಅಂದರೆ ಸ್ವಂತ ಹೆಸರು. ಬೇರೆ ಪದವಾದರೆ ಅದರ ಜಾಗದಲ್ಲಿ ಇನ್ನೊಂದು ಹಾಕಿ ಜಾರಿಕೊಳ್ಳಬಹುದು, ಹೆಸರಿಗೆ ಬದಲಿ ಎಲ್ಲಿಂದ ತರೋದು? ಅಂಥವನು ನಾಟಕ ತಂಡ ಸೇರೋದು ಹುಚ್ಚುತನ ಅಲ್ವಾ. ನಾನು ಹೋಗಿದ್ದು ವೈರ್ ಎಳೆಯೋಕೆ, ಲೈಟ್ ಎತ್ತಿಡೋಕೆ. 'ಎಲ್ಲರಿಗೂ ಜಾಗ ಇದೆ' ಅಂತ ಪೋಸ್ಟರ್‌ನಲ್ಲಿತ್ತು, ನಂಬಿರಲಿಲ್ಲ. ಹಿಂದೆ ಇದೇ ಮಾತು ಹೇಳಿದ್ದ ಇನ್ನೊಂದು ತಂಡ ನನಗೆ ಕೊಟ್ಟ ಪಾತ್ರ ಮರ. ನಿಜವಾಗಿಯೂ ಮರ. ಇಡೀ ನಾಟಕ ಕೈ ಎತ್ತಿಕೊಂಡು ನಿಂತಿದ್ದೆ, ಮುಗಿದ ಮೇಲೆ ಒಬ್ಬೊಬ್ಬರೇ ಬಂದು ಭುಜ ತಟ್ಟಿ "ಸೂಪರ್ ಆಗಿ ಮಾಡಿದ್ರಿ" ಅಂದರು. ಮರಕ್ಕೆ!

ಇಲ್ಲೂ ಮೊದಲ ದಿನ ಸುತ್ತ ನಿಲ್ಲಿಸಿ ಹೆಸರು ಹೇಳಿ ಅಂದಾಗ ಹೊಟ್ಟೆಯಲ್ಲಿ ಕಲಸಿತು. ಆದರೆ ಇಲ್ಲಿ ಹೆಸರನ್ನು ಬಾಯಲ್ಲಿ ಹೇಳಬಹುದು, ಕೈಸನ್ನೆಯಲ್ಲಿ ಹೇಳಬಹುದು, ಇಲ್ಲಾಂದ್ರೆ ಒಂದು ಹೆಜ್ಜೆ ಮುಂದಿಟ್ಟು ಸುಮ್ನೆ ನಿಲ್ಲಬಹುದು. ಉಳಿದವರು ಅದನ್ನೇ ಮಾಡಿ ತೋರಿಸಬೇಕು. ನಾನು ಬಾಯಲ್ಲೇ ಹೇಳಲು ಹೋಗಿ 'ಪ'ದಲ್ಲಿ ಸಿಕ್ಕಿಕೊಂಡೆ. ಯಾರೂ ನನ್ನ ಪದ ಮುಗಿಸಿಕೊಡಲಿಲ್ಲ, ಯಾರೂ "ಪರವಾಗಿಲ್ಲ, ನಿಧಾನಕ್ಕೆ" ಅನ್ನಲಿಲ್ಲ. (ಆ "ನಿಧಾನಕ್ಕೆ" ಅನ್ನುವ ಮಾತಿಗೆ ನನ್ನ ಉಗ್ಗು ಇನ್ನೂ ಜಾಸ್ತಿಯಾಗುತ್ತದೆ, ದಯವಿಟ್ಟು ಉಗ್ಗು ಇರುವ ಯಾರಿಗೂ ಹಾಗೆ ಹೇಳಬೇಡಿ.)

ಎರಡನೇ ವಾರ ನನ್ನನ್ನು ಮೇಳಕ್ಕೆ ಹಾಕಿದರು. ನಾಲ್ಕು ಜನರ ಜೊತೆ ಒಟ್ಟಿಗೆ ಮಾತಾಡುವಾಗ, ಹಾಡುವಾಗ, ಬಹಳ ಜನರಿಗೆ ಉಗ್ಗು ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಇದು ಹಳೆಯ ವಿಷಯ, ಸ್ಪೀಚ್ ಥೆರಪಿಯವರೆಲ್ಲರಿಗೂ ಗೊತ್ತು. ನನಗೂ ಹಾಗೇ ಆಯಿತು, ಮಾತು ನೀರಿನ ಹಾಗೆ ಹರಿಯಿತು. ಅಲ್ಲೇ ಇರಬಹುದಿತ್ತು. ನಿರ್ದೇಶಕಿ ಬಿಡಲಿಲ್ಲ. ಎದ್ದು ಒಬ್ಬನೇ ಹೇಳುವ 11 ಸಾಲು ಕೊಟ್ಟರು. ಒಬ್ಬನೇ ನಿಂತ ಕೂಡಲೇ ಉಗ್ಗು ವಾಪಸ್. ಆಗ ಅವರು ತಿದ್ದಿದ್ದು ನನ್ನನ್ನಲ್ಲ, ನನ್ನ ಎದುರಿಗಿದ್ದ ನಟನನ್ನು. "ಅವರು ನಿಂತಾಗ ನೀವು ಬೇಲಿ ಹಾರೋಕೆ ರೆಡಿ ಆಗಿರೋ ಮೇಕೆ ಥರ ನಿಲ್ತೀರಲ್ಲ, ಕಾಯೋದನ್ನ ಕಲೀರಿ" ಅಂದರು. ಆಮೇಲೆ ಒಂದು ಸಂಜೆ ಪೂರ್ತಿ ತಾಲೀಮು ನಡೆದಿದ್ದು ಬರೀ ಕಾಯುವುದಕ್ಕೆ. ನಾನು ಸಿಕ್ಕಿಕೊಂಡಾಗ ಆ ನಟ ಬಟ್ಟೆ ಮಡಚುತ್ತಾರೆ, ಮಡಚುವುದು ಮುಗಿಯದಿದ್ದರೆ ಇನ್ನೊಂದು ಬಟ್ಟೆ ತೆಗೆದುಕೊಳ್ಳುತ್ತಾರೆ. ಪ್ರೇಕ್ಷಕರಿಗೆ ಅದು ನಾಟಕವೇ.

ಉಳಿದ ವ್ಯವಸ್ಥೆಯಲ್ಲೂ ಇದೇ ಬುದ್ಧಿ ಕಾಣುತ್ತದೆ. ಸಭಾಂಗಣದ ವೇದಿಕೆ ಮೂರು ಅಡಿ ಎತ್ತರ. ಗಾಲಿಕುರ್ಚಿಯವರು ತಾವೇ ಹತ್ತುವಂಥ ಇಳಿಜಾರು ಬೇಕೆಂದರೆ ಸಾಮಾನ್ಯ ಲೆಕ್ಕ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ, ಅಂದರೆ 36 ಅಡಿ. ಅಷ್ಟು ಜಾಗ ಎಲ್ಲಿದೆ? ಬೇರೆಯವರಾಗಿದ್ದರೆ ನಾಲ್ಕು ಜನ ಹಿಡಿದು ಎತ್ತುತ್ತಿದ್ದರು. ಇವರು ವೇದಿಕೆಯನ್ನೇ ಬಿಟ್ಟು ನೆಲದ ಮೇಲೆ ಆಡುತ್ತಾರೆ, ವೇದಿಕೆಯಲ್ಲಿ ಪ್ರೇಕ್ಷಕರು ಕೂರುತ್ತಾರೆ. ಕಣ್ಣು ಕಾಣದ ಒಬ್ಬರು ನಟಿಗೆ ನೆಲದಲ್ಲಿ ಟೇಪಿನ ಕೆಳಗೆ ಹಗ್ಗ ಎಳೆದಿದ್ದಾರೆ, ಬರಿಗಾಲಿಗೆ ಗೊತ್ತಾಗುತ್ತದೆ. ಕಿವಿ ಕೇಳದವರಿಗೆ ಸೈಡ್ ವಿಂಗ್‌ನಲ್ಲಿ ಒಂದು ಚಿಕ್ಕ ಬಲ್ಬು: ಹೊತ್ತಿದರೆ ರೆಡಿ, ಆರಿದರೆ ಎಂಟ್ರಿ. ಈ ಬಲ್ಬು ಈಗ ನಮಗೆಲ್ಲ ಅಭ್ಯಾಸವಾಗಿದೆ, ಪಿಸುಗುಟ್ಟಿ ಕ್ಯೂ ಕೊಡುವುದಕ್ಕಿಂತ ಎಷ್ಟೋ ವಾಸಿ.

ಪ್ರದರ್ಶನದ ಎರಡನೇ ಭಾಗ ಫೋರಂ ಥಿಯೇಟರ್. ಬ್ರೆಜಿಲ್‌ನ ನಾಟಕ ನಿರ್ದೇಶಕ ಅಗಸ್ಟೊ ಬೋಲ್ 1970ರ ದಶಕದಲ್ಲಿ ಬೆಳೆಸಿದ ಪದ್ಧತಿ. ಅನ್ಯಾಯ ನಡೆಯುವ ಒಂದು ದೃಶ್ಯ ಆಡುತ್ತೇವೆ, ಮತ್ತೆ ಅದನ್ನೇ ಆಡುವಾಗ ಪ್ರೇಕ್ಷಕರು "ನಿಲ್ಲಿಸಿ" ಅಂತ ಕೂಗಿ, ಅನ್ಯಾಯಕ್ಕೆ ಸಿಕ್ಕವನ ಜಾಗಕ್ಕೆ ತಾವೇ ಬಂದು ಬೇರೆ ಥರ ಮಾಡಿ ನೋಡಬಹುದು. ನಮ್ಮ ದೃಶ್ಯ ಕೆಲಸದ ಸಂದರ್ಶನ, ಸಿಕ್ಕವನು ನಾನು. ಮೊದಲು ಎದ್ದು ಬಂದವರು ಪಟಪಟ ಅಂತ ಮಾತಾಡಿ ಕೆಲಸ ಗಿಟ್ಟಿಸಿಬಿಟ್ಟರು. ನಡೆಸಿಕೊಡುವವರಿಗೆ ಇದರಲ್ಲಿ ಜೋಕರ್ ಅನ್ನುತ್ತಾರೆ, ಅವರು ನಗುತ್ತಾ "ಇದು ಮ್ಯಾಜಿಕ್, ನಡೆಯಲ್ಲ" ಅಂದರು. ಆಗದ್ದನ್ನು ಆದ ಹಾಗೆ ತೋರಿಸಿದರೆ ಮ್ಯಾಜಿಕ್ ಅನ್ನುವುದು ಈ ಆಟದ ಭಾಷೆ. ಎರಡನೆಯವರು ವಯಸ್ಸಾದ ಹೆಂಗಸು. ಕುರ್ಚಿಯಲ್ಲಿ ಕೂತು ಮೊದಲ ಮಾತೇ "ನನಗೆ ಉಗ್ಗಿದೆ, ಉತ್ತರಕ್ಕೆ ಟೈಮ್ ಹಿಡಿಯುತ್ತೆ, ನಿಮಗೆ ಅರ್ಜೆಂಟ್ ಇದ್ದರೆ ಈಗಲೇ ಹೇಳಿ" ಅಂದರು. ಸಭಾಂಗಣ ನಕ್ಕಿತು. ನಾನು ನಗಲಿಲ್ಲ, ಆ ವಾಕ್ಯವನ್ನು ಮನೆಗೆ ಹೋಗಿ ಬರೆದಿಟ್ಟುಕೊಂಡೆ.

ಇನ್ನು ಆ ಬೈಗುಳ. ಗ್ರ್ಯಾಂಡ್ ರಿಹರ್ಸಲ್ ದಿನ ನಾನು ಮೊಬೈಲ್ ನೋಡುತ್ತಾ ಕೂತಿದ್ದೆ, ಬಲ್ಬು ಹೊತ್ತಿದ್ದೂ ಆರಿದ್ದೂ ಗೊತ್ತಾಗಲಿಲ್ಲ. ನಿರ್ದೇಶಕಿ ವಿಂಗ್‌ಗೇ ಬಂದರು. "ಎಲ್ರೀ ಹೋಗಿತ್ತು ಬುದ್ಧಿ? 14 ಜನ ನಿಮಗೋಸ್ಕರ ನಿಂತಿದ್ದಾರೆ!" ಎಲ್ಲರ ಎದುರಿಗೇ, ಜೋರಾಗಿ. ಮುಖ ಕೆಂಪಾಯಿತು. ಶಾಲೆ, ಆಫೀಸು, ನೆಂಟರ ಮನೆ ಎಲ್ಲ ಕಡೆ ಜನ ನನ್ನ ಜೊತೆ ಮೆತ್ತಗೆ ಮಾತಾಡಿದ್ದಾರೆ, ಪಾಪ ಅಂತ. ತಪ್ಪು ಮಾಡಿದಾಗಲೂ. ನಾನು ಬರದಿದ್ದರೆ ನಾಟಕ ನಿಲ್ಲುತ್ತದೆ ಅಂತ ಯಾರಾದರೂ ನನ್ನ ಮೇಲೆ ಕೂಗಾಡಿದ್ದು ಅದೇ ಮೊದಲು. ರಾತ್ರಿ ನಿದ್ದೆ ಬರಲಿಲ್ಲ, ಖುಷಿಗೆ.

ಈಗ ಕಡಿಮೆಯಾದ ಸ್ಟಾರ್. ತಾಲೀಮು ಯಾವತ್ತೂ ಹೇಳಿದ ಹೊತ್ತಿಗೆ ಶುರುವಾಗಲ್ಲ. ಬೇರೆಯವರು ಕರೆತಂದು ಬಿಡಬೇಕಾದ ಸದಸ್ಯರಿಗೆ ಇದು ನಿಜವಾದ ತೊಂದರೆ. ಶೌಚಾಲಯಕ್ಕೆ ಎರಡು ಮೆಟ್ಟಿಲು ಇನ್ನೂ ಹಾಗೇ ಇವೆ. ನಾಟಕ ನೆಲಕ್ಕಿಳಿಸಿದಷ್ಟು ಸುಲಭವಲ್ಲ, ಗೊತ್ತು, ಆದರೂ ಗಾಲಿಕುರ್ಚಿಯವರು ಮೂರು ಗಂಟೆ ನೀರು ಕುಡಿಯದೆ ಕೂರುತ್ತಾರೆ. ಸನ್ನೆ ಭಾಷೆಯ ಅನುವಾದಕರು ಬರುವುದು ಪ್ರದರ್ಶನಕ್ಕೆ ಮಾತ್ರ, ತಾಲೀಮಿನ ಅರ್ಧ ತಮಾಷೆ ಕಿವಿ ಕೇಳದವರಿಗೆ ತಲುಪುವುದೇ ಇಲ್ಲ. ಎಲ್ಲಕ್ಕಿಂತ ಸಿಟ್ಟು ಬರುವುದು ವಾಟ್ಸಾಪ್ ಗುಂಪಿನಲ್ಲಿ ನಿರ್ದೇಶಕಿ ಹಾಕುವ ಐದೈದು ನಿಮಿಷದ ವಾಯ್ಸ್ ಮೆಸೇಜಿಗೆ. ಅವನ್ನು ಕೇಳಿ ಟೈಪ್ ಮಾಡಿ ಹಾಕುವ ಕೆಲಸ ಈಗ ನನ್ನದು. ಮೇಡಂ, ಇದನ್ನು ಓದುತ್ತಿದ್ದರೆ, ಮುಂದಿನದನ್ನು ನೀವೇ ಟೈಪ್ ಮಾಡಿ.